ಬಸ್ಸಿನ ಕಿಟಕಿ, ಕಾರ್ಖಾನೆಯ ಗಾಳಿ

ಕೇಳುಗರಿಗೆ ನಮಸ್ಕಾರ.

2021ರ ಜೂನ್ 21, ಸೋಮವಾರದಿಂದ ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್ಸುಗಳೂ ನಮ್ಮ ಮೆಟ್ರೋ ರೈಲುಗಳೂ ಮತ್ತೆ ಓಡತೊಡಗಿದವು. ಕೋವಿಡ್ ಎರಡನೇ ಅಲೆಯ ಲಾಕ್‌ಡೌನಿನಿಂದಾಗಿ ಏಪ್ರಿಲ್ 27ರ ರಾತ್ರಿ ನಿಂತದ್ದು ಆಗ ಶುರುವಾಯಿತು. ಕಾರ್ಖಾನೆಗಳು ಅರ್ಧದಷ್ಟು ಕೆಲಸಗಾರರನ್ನು ಇಟ್ಟುಕೊಂಡು, ಗಾರ್ಮೆಂಟ್ಸ್‌ಗಳು ನೂರಕ್ಕೆ ಮೂವತ್ತು ಜನರನ್ನು ಕರೆಸಿಕೊಂಡು ಜೂನ್ 14ರಿಂದಲೇ ಬಾಗಿಲು ತೆರೆದಿದ್ದವು. ಎರಡು ತಿಂಗಳ ಸಂಬಳ ಹೋದವರಿಗೆ, ಬಾಡಿಗೆ ಬಾಕಿ ಇರುವವರಿಗೆ ಕೆಲಸಕ್ಕೆ ಹೋಗುವುದೋ ಬೇಡವೋ ಎಂಬ ಪ್ರಶ್ನೆಯೇ ಇರಲಿಲ್ಲ. ಹೋಗಲೇಬೇಕಿತ್ತು. ಕೋವಿಡ್ ಹರಡಿರುವಾಗ ಕೆಲಸಕ್ಕೆ ಹೋಗುವವರು ಯಾವುದಕ್ಕೆ ಹೆಚ್ಚು ಹೆದರಬೇಕು, ಯಾವುದಕ್ಕೆ ಅಷ್ಟು ಹೆದರಬೇಕಾಗಿಲ್ಲ ಎಂಬುದನ್ನು ಇವತ್ತು ನೋಡೋಣ.

2020ರಲ್ಲಿ ನಾವೆಲ್ಲ ಕಲಿತ ಪಾಠ ಕೈ ತೊಳೆಯುವುದು, ಎರಡು ಗಜ ದೂರ ನಿಲ್ಲುವುದು, ಮುಟ್ಟಿದ್ದನ್ನೆಲ್ಲ ಒರೆಸುವುದು. ಅದು ತಪ್ಪಲ್ಲ. ಆದರೆ ಅಷ್ಟೇ ಸಾಲದು. ಸೋಂಕು ಇರುವವರು ಉಸಿರು ಬಿಟ್ಟಾಗ, ಮಾತಾಡಿದಾಗ, ಕೆಮ್ಮಿದಾಗ ಎರಡು ಬಗೆಯ ಹನಿಗಳು ಹೊರಬರುತ್ತವೆ. ದಪ್ಪ ಹನಿಗಳು ಎರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ಕಣ್ಣಿಗೆ ಕಾಣದ ಸಣ್ಣ ಕಣಗಳು ಊದುಬತ್ತಿಯ ಹೊಗೆಯ ಹಾಗೆ ಗಾಳಿಯಲ್ಲೇ ತೇಲುತ್ತವೆ. ಈ ಕಣಗಳು ಹತ್ತು ಮೀಟರ್ ದೂರದವರೆಗೂ ಸಾಗಬಲ್ಲವು ಎಂದು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2021ರ ಮೇ 20ರಂದು ಹೊರಡಿಸಿದ ಸಲಹೆಯಲ್ಲಿ ಹೇಳಿದೆ. ಬಯಲಿನಲ್ಲಿ ಅವು ಚದುರಿ ಹೋಗುತ್ತವೆ. ಮುಚ್ಚಿದ ಕೋಣೆಯಲ್ಲಿ, ಮುಚ್ಚಿದ ಬಸ್ಸಿನಲ್ಲಿ ಒಂದರ ಮೇಲೊಂದು ಸೇರಿಕೊಳ್ಳುತ್ತಾ ಹೋಗುತ್ತವೆ. ಹಾಗಾಗಿ ಎಷ್ಟು ದೂರ ಕೂತಿರಿ ಎಂಬುದರ ಜೊತೆಗೆ ಎಷ್ಟು ಹೊತ್ತು ಕೂತಿರಿ, ಅಲ್ಲಿ ಗಾಳಿ ಆಡುತ್ತಿತ್ತೇ ಎಂಬುದನ್ನೂ ಕೇಳಿಕೊಳ್ಳಬೇಕು.

ಮೊದಲು ಮಾಸ್ಕ್. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಕೆನ್ನೆಯ ಪಕ್ಕ ಸಂದಿ ಇದ್ದರೆ ಗಾಳಿ ಆ ಸಂದಿಯಿಂದಲೇ ಒಳಗೆ ಹೋಗುತ್ತದೆ, ಬಟ್ಟೆಯ ಮೂಲಕ ಅಲ್ಲ. ಸಣ್ಣ ಕಣಗಳನ್ನೂ ಸೋಸುವ ಎನ್95 ಮಾಸ್ಕ್ ಸಿಕ್ಕರೆ ಬಸ್ಸಿಗೆ, ಕಾರ್ಖಾನೆಗೆ ಅದೇ ಒಳ್ಳೆಯದು. ಹಾಕಿಕೊಂಡ ಮೇಲೆ ಮೂಗಿನ ಮೇಲಿನ ತಂತಿಯನ್ನು ಎರಡೂ ಕೈ ಬೆರಳುಗಳಿಂದ ಒತ್ತಿ ಕೂರಿಸಿ. ಎರಡೂ ಅಂಗೈಯನ್ನು ಮಾಸ್ಕಿನ ಅಂಚಿಗೆ ಹಿಡಿದು ಜೋರಾಗಿ ಉಸಿರು ಬಿಡಿ. ಕಣ್ಣಿಗೋ ಕಿವಿಯ ಕಡೆಗೋ ಗಾಳಿ ಬಡಿದರೆ ಅದು ಸರಿಯಾಗಿ ಕೂತಿಲ್ಲ. ಕನ್ನಡಕ ಹಾಕುವವರಿಗೆ ಗಾಜಿನ ಮೇಲೆ ಹಬೆ ಕಟ್ಟುವುದೇ ಗುರುತು. ದಟ್ಟ ಗಡ್ಡ ಇದ್ದರೆ ಎನ್95 ಕೂಡ ಸರಿಯಾಗಿ ಅಂಟುವುದಿಲ್ಲ. ಮುಂಭಾಗದಲ್ಲಿ ಪ್ಲಾಸ್ಟಿಕ್ ವಾಲ್ವ್ ಇರುವ ಮಾಸ್ಕ್ ಬೇಡ. ಅದು ನೀವು ಬಿಡುವ ಉಸಿರನ್ನು ಸೋಸದೆ ಎದುರಿನವರ ಮೇಲೆ ಬಿಡುತ್ತದೆ.

ಎನ್95 ಅನ್ನು ಸೋಪು ಹಾಕಿ ಒಗೆಯಬೇಡಿ. ಸಣ್ಣ ಕಣಗಳನ್ನು ಹಿಡಿಯುವುದು ಅದರ ನೂಲಿನಲ್ಲಿರುವ ಸ್ಥಿರ ವಿದ್ಯುತ್ತು. ಒಗೆದರೆ ಅದು ಹೋಗುತ್ತದೆ, ಮಾಸ್ಕ್ ನೋಡಲು ಹೊಸದರಂತಿದ್ದರೂ ಕೆಲಸಕ್ಕೆ ಬಾರದು. ನಾಲ್ಕು ಮಾಸ್ಕ್ ಇಟ್ಟುಕೊಳ್ಳಿ, ನಾಲ್ಕು ಕಾಗದದ ಕವರಿನ ಮೇಲೆ ಒಂದರಿಂದ ನಾಲ್ಕರವರೆಗೆ ಬರೆಯಿರಿ. ಇವತ್ತು ಹಾಕಿದ್ದು ಒಂದನೇ ಕವರಿಗೆ, ನಾಳೆಯದು ಎರಡನೆಯದಕ್ಕೆ. ಮತ್ತೆ ಒಂದನೆಯದರ ಸರದಿ ಬರುವಷ್ಟರಲ್ಲಿ ಮೂರು ದಿನ ಕಳೆದಿರುತ್ತದೆ, ಮೇಲೆ ಉಳಿದಿದ್ದ ವೈರಸ್ ಅಷ್ಟರಲ್ಲಿ ಸತ್ತಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಬೆವರು ಆರದೆ ವಾಸನೆ ಹಿಡಿಯುತ್ತದೆ. ದಾರ ಸಡಿಲವಾದರೆ, ಮಾಸ್ಕ್ ಹರಿದರೆ ಅಥವಾ ಕೊಳೆಯಾದರೆ ಬಿಸಾಡಿ. ಎನ್95 ಕೊಳ್ಳಲು ಆಗದವರು ಒಳಗೊಂದು ಸರ್ಜಿಕಲ್ ಮಾಸ್ಕ್, ಅದರ ಮೇಲೆ ಮುಖಕ್ಕೆ ಬಿಗಿಯಾಗಿ ಕೂರುವ ಬಟ್ಟೆ ಮಾಸ್ಕ್ ಹಾಕಿ. ಎರಡು ಸರ್ಜಿಕಲ್ ಮಾಸ್ಕ್ ಒಟ್ಟಿಗೆ ಹಾಕಿದರೆ ಪ್ರಯೋಜನವಿಲ್ಲ, ಪಕ್ಕದ ಸಂದಿ ಹಾಗೇ ಉಳಿಯುತ್ತದೆ. ಸೆರಗು, ದುಪಟ್ಟಾ, ಕರ್ಚೀಫು ಧೂಳಿಗೆ ಸರಿ, ಈ ಕಾಯಿಲೆಗೆ ಸಾಲದು. ಮಳೆಯಲ್ಲಿ ಒದ್ದೆಯಾದ ಮಾಸ್ಕಿನಲ್ಲಿ ಉಸಿರಾಡುವುದು ಕಷ್ಟ, ಕೊನೆಗೆ ಅದನ್ನು ಗಲ್ಲಕ್ಕೆ ಇಳಿಸಿಬಿಡುತ್ತೇವೆ. ಬ್ಯಾಗಿನಲ್ಲಿ ಒಣಗಿದ್ದು ಇನ್ನೊಂದು ಇರಲಿ.

ಇನ್ನು ಬಸ್ಸು. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಎಸಿ ಇಲ್ಲ ಎಂಬುದೇ ಇಲ್ಲಿ ಅದರ ದೊಡ್ಡ ಗುಣ. ಕಿಟಕಿ ತೆರೆದು ಓಡುವ ಬಸ್ಸಿನಲ್ಲಿ ಗಾಳಿ ಬೇಗ ಬೇಗ ಬದಲಾಗುತ್ತದೆ. ಆದರೆ ಒಂದೇ ಬದಿಯ ಕಿಟಕಿ ತೆರೆದರೆ ಗಾಳಿ ಸರಿಯಾಗಿ ಹಾಯುವುದಿಲ್ಲ. ಎರಡೂ ಬದಿ ತೆರೆದಿರಬೇಕು, ಮುಂದೆಯೂ ಹಿಂದೆಯೂ ತೆರೆದಿರಬೇಕು. ಚಾವಣಿಯಲ್ಲಿ ಕಿಂಡಿ ಇರುವ ಬಸ್ಸಾದರೆ ಅದನ್ನೂ ಎತ್ತಿಡಲು ಕಂಡಕ್ಟರನ್ನು ಕೇಳಿ. ತೊಂದರೆ ಬರುವುದು ಎರಡು ಹೊತ್ತಿನಲ್ಲಿ. ಒಂದು, ಮಳೆ ಬಂದು ಎಲ್ಲರೂ ಗಾಜು ಎಳೆದಾಗ. ಇರಚಲು ಹೊಡೆಯುವುದು ಸಾಮಾನ್ಯವಾಗಿ ಒಂದೇ ಬದಿಯಿಂದ. ಆ ಬದಿ ಮುಚ್ಚಿ, ಇನ್ನೊಂದು ಬದಿ ತೆರೆದಿಡಿ. ಮುಚ್ಚಿದ ಬದಿಯಲ್ಲೂ ಎರಡು ಬೆರಳಿನಷ್ಟು ಸಂದಿ ಬಿಡಿ. ಇನ್ನೊಂದು, ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್ನಿನಲ್ಲಿ ಬಸ್ಸು ನಿಂತೇ ಇದ್ದಾಗ. ಓಡುವಾಗ ನುಗ್ಗುತ್ತಿದ್ದ ಗಾಳಿ ಆಗ ನಿಂತುಬಿಡುತ್ತದೆ. ಮಾಸ್ಕ್ ಇಳಿಸಿ ಫೋನಿನಲ್ಲಿ ಮಾತಾಡಲು ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಸುಮ್ಮನೆ ಉಸಿರಾಡುವಾಗ ಬಿಡುವುದಕ್ಕಿಂತ ಹಲವು ಪಟ್ಟು ಕಣಗಳು ಮಾತಾಡುವಾಗ ಹೊರಬರುತ್ತವೆ, ಕೂಗಿದರೆ ಇನ್ನೂ ಹೆಚ್ಚು. ಬಸ್ಸಿನಲ್ಲಿ ಎಲ್ಲರೂ ಬಾಯಿ ಮುಚ್ಚಿ ಕೂರುವುದಕ್ಕೆ ಕಾಸು ಖರ್ಚಿಲ್ಲ.

ಕಂಡಕ್ಟರ್ ಮತ್ತು ಡ್ರೈವರ್ ವಿಷಯ ಮರೆಯಬಾರದು. ನೀವು ಮುಕ್ಕಾಲು ಗಂಟೆ ಇದ್ದು ಇಳಿಯುತ್ತೀರಿ, ಅವರು ಇಡೀ ಪಾಳಿ ಅದೇ ಗಾಳಿಯಲ್ಲಿ ಇರುತ್ತಾರೆ. ಎಲ್ಲ ಪ್ರಯಾಣಿಕರ ಹತ್ತಿರವೂ ಹೋಗಿ ಬಾಗಿ ಮಾತಾಡುವವರು ಕಂಡಕ್ಟರ್ ಒಬ್ಬರೇ. ಪಾಸು ಇದ್ದರೆ ಮೊದಲೇ ಕೈಯಲ್ಲಿ ಹಿಡಿದಿರಿ. ಇಲ್ಲದಿದ್ದರೆ ಸರಿಯಾದ ಚಿಲ್ಲರೆ ಇಟ್ಟುಕೊಂಡು ಇಳಿಯುವ ಸ್ಟಾಪಿನ ಹೆಸರನ್ನು ಒಂದೇ ಸಲ ಸ್ಪಷ್ಟವಾಗಿ ಹೇಳಿ, ಮಾಸ್ಕ್ ಇಳಿಸದೆ. ಟಿಕೆಟ್ ಬಿಡಿಸಲು ಬೆರಳಿಗೆ ಎಂಜಲು ಹಚ್ಚುವ ಅಭ್ಯಾಸ ಇದ್ದವರು ಒದ್ದೆ ಸ್ಪಂಜಿನ ಡಬ್ಬಿ ಇಟ್ಟುಕೊಳ್ಳಲಿ.

ಮೆಟ್ರೋ ಬೇರೆ ಬಗೆ. ಅಲ್ಲಿ ಕಿಟಕಿ ತೆರೆಯುವುದಿಲ್ಲ, ಎಸಿ ಇದೆ. ನಿಲ್ದಾಣದಲ್ಲಿ ಬಾಗಿಲು ತೆರೆದಾಗಲೂ ಗಾಳಿ ಒಂದಿಷ್ಟು ಬದಲಾಗುತ್ತದೆ. ಅಲ್ಲಿ ನಿಮ್ಮನ್ನು ಕಾಯುವುದು ಮುಖ್ಯವಾಗಿ ಮಾಸ್ಕ್, ಮೌನ, ಕಡಿಮೆ ಹೊತ್ತಿನ ಪ್ರಯಾಣ. ಒಂದು ಡಬ್ಬಿ ತುಂಬಿದ್ದರೆ ಆರು ಡಬ್ಬಿಗಳಲ್ಲಿ ಮೊದಲನೆಯದಕ್ಕೋ ಕೊನೆಯದಕ್ಕೋ ನಡೆದುಹೋಗಿ. ಮೆಟ್ಟಿಲು, ಎಸ್ಕಲೇಟರ್ ಹತ್ತಿರದ ಡಬ್ಬಿಗೇ ಎಲ್ಲರೂ ನುಗ್ಗುತ್ತಾರೆ.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. 2021ರ ಆ ಜೂನಿನಲ್ಲಿ ಬಸ್ಸಿನಲ್ಲಿ ಅರ್ಧ ಸೀಟು ಮಾತ್ರ ಎಂದು ನಿಯಮ ಇತ್ತು. ರಾತ್ರಿ ಕರ್ಫ್ಯೂ 7 ಗಂಟೆಗೆ ಶುರುವಾಗುತ್ತಿತ್ತು, ಮೆಟ್ರೋ ಸಂಜೆ 6ಕ್ಕೆ ಮುಗಿಯುತ್ತಿತ್ತು, ಅಂಗಡಿಗಳು 5ಕ್ಕೆ ಬಾಗಿಲು ಹಾಕುತ್ತಿದ್ದವು. ಅಂದರೆ ಇಡೀ ಊರು 5ರಿಂದ 7ರ ಒಳಗೆ ಮನೆ ಸೇರಬೇಕಿತ್ತು. ಬಸ್ಸುಗಳೋ ಮೊದಲಿಗಿಂತ ಕಡಿಮೆ ಇದ್ದವು. ಆಗ ಫುಟ್‌ಬೋರ್ಡಿನಲ್ಲಿ ಜನ ನೇತಾಡಿದರೆ ಅದು ಜನರ ಬೇಜವಾಬ್ದಾರಿ ಅಲ್ಲ, ಲೆಕ್ಕವೇ ಹಾಗೆ ಬರುತ್ತದೆ. ಇದನ್ನು ಸಡಿಲಿಸಬಲ್ಲವರು ಮಾಲೀಕರು. ಪೀಣ್ಯ, ಬೊಮ್ಮಸಂದ್ರದಂಥ ಕಡೆ ಪಕ್ಕಪಕ್ಕದ ಕಾರ್ಖಾನೆಗಳು ಒಂದೇ ಹೊತ್ತಿಗೆ ಗೇಟು ತೆರೆಯದೆ ಏಳೂವರೆ, ಎಂಟೂವರೆ, ಒಂಬತ್ತೂವರೆ ಎಂದು ಹಂಚಿಕೊಂಡರೆ ಬೆಳಗಿನ ನೂಕುನುಗ್ಗಲು ತಾನಾಗಿ ಒಡೆಯುತ್ತದೆ. ಬಸ್ಸು ತಪ್ಪಿ ಹತ್ತು ನಿಮಿಷ ತಡವಾಗಿ ಬಂದವರ ಅರ್ಧ ದಿನದ ಕೂಲಿ ಹಿಡಿಯುವ ಪದ್ಧತಿಯನ್ನು ಅಂಥ ಕೆಲವು ತಿಂಗಳಾದರೂ ಬಿಡಬೇಕು. ಆ ಹೆದರಿಕೆಯೇ ತುಂಬಿದ ಬಸ್ಸಿಗೆ ಜನರನ್ನು ಹತ್ತಿಸುವುದು. ಬಯಲಿನ ಬಸ್ ಸ್ಟಾಪಿನಲ್ಲಿ ಇನ್ನೊಂದು ಬಸ್ಸಿಗೆ ಕಾಯುವುದು ಅದಕ್ಕಿಂತ ಎಷ್ಟೋ ಕ್ಷೇಮ.

ಕೆಲಸದ ಜಾಗಕ್ಕೆ ಬಂದಿರಿ. ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿಯುತ್ತಾರೆ. ಬೇಡ ಎನ್ನುವುದಿಲ್ಲ, ಆದರೆ ಅದನ್ನೇ ನಂಬಬೇಡಿ. ಈ ಕಾಯಿಲೆ ಜ್ವರ ಬರುವುದಕ್ಕೆ ಒಂದೆರಡು ದಿನ ಮೊದಲೇ ಹರಡಲು ಶುರು ಮಾಡುತ್ತದೆ, ಪ್ಯಾರಾಸಿಟಮಾಲ್ ನುಂಗಿ ಬಂದವರ ಜ್ವರವೂ ಅದಕ್ಕೆ ಗೊತ್ತಾಗುವುದಿಲ್ಲ.

ಒಳಗೆ ನೋಡಬೇಕಾದ್ದು ಗಾಳಿಯ ದಾರಿ. ಒಂದು ಊದುಬತ್ತಿ ಹಚ್ಚಿ, ಬೆಂಕಿ ಹಿಡಿಯುವ ಬಟ್ಟೆ, ನೂಲು ಹತ್ತಿರ ಇಲ್ಲದ ಕಡೆ ಹಿಡಿದು ಹೊಗೆ ಎತ್ತ ಹೋಗುತ್ತದೆ ನೋಡಿ. ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆ ಹೊರಗೆ ಹೋದರೆ ಸರಿ. ಅಲ್ಲೇ ಸುತ್ತುತ್ತಿದ್ದರೆ ಉಸಿರೂ ಅಲ್ಲೇ ಸುತ್ತುತ್ತಿದೆ. ಹೊಲಿಗೆ ಲೈನಿನ ತಲೆಯಲ್ಲಿ ದೊಡ್ಡ ಸ್ಟ್ಯಾಂಡ್ ಫ್ಯಾನ್ ಇಟ್ಟು ಸಾಲಿನ ಉದ್ದಕ್ಕೂ ಬೀಸುವುದುಂಟು. ಮೊದಲನೇ ಮೆಷಿನ್ನಿನವರ ಉಸಿರು ಕೊನೆಯವರ ಮುಖಕ್ಕೆ ಹೋಗಲು ಅದು ನೇರ ದಾರಿ. ಫ್ಯಾನನ್ನು ಕಿಟಕಿಗೆ ಬೆನ್ನು ತಿರುಗಿಸಿ ಇಡಬೇಡಿ, ಕಿಟಕಿಯ ಕಡೆ ಮುಖ ಮಾಡಿಸಿ, ಒಳಗಿನ ಗಾಳಿ ಹೊರಗೆ ಹೋಗಲಿ. ಗೋಡೆಯ ಎಕ್ಸಾಸ್ಟ್ ಫ್ಯಾನನ್ನು ಜನ ಬರುವುದಕ್ಕೆ ಕಾಲು ಗಂಟೆ ಮೊದಲೇ ಹಾಕಿ, ಅದರ ಎದುರು ಬದಿಯ ಕಿಟಕಿ ತೆರೆಯಿರಿ. ಫ್ಯಾನಿನ ಪಕ್ಕದ ಕಿಟಕಿ ತೆರೆದರೆ ಅಲ್ಲಿಂದಲೇ ಗಾಳಿ ಬಂದು ಅಲ್ಲಿಂದಲೇ ಹೋಗುತ್ತದೆ, ಕೋಣೆಯ ಒಳಗೆ ಏನೂ ಬದಲಾಗುವುದಿಲ್ಲ. ಜಾಲರಿಗೆ ಹತ್ತಿಯ ಧೂಳು ಕಟ್ಟಿದ್ದರೆ ವಾರಕ್ಕೊಮ್ಮೆ ತೆಗೆಯಬೇಕು.

ಎಷ್ಟು ದೊಡ್ಡ ಫ್ಯಾನ್ ಬೇಕು? ಆರು ಮೀಟರ್ ಉದ್ದ, ಐದು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ 90 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ 900 ಘನ ಮೀಟರ್ ಎಳೆಯುವ ಫ್ಯಾನ್ ಆ ಗಾಳಿಯನ್ನು ಗಂಟೆಗೆ ಹತ್ತು ಸಲ ಬದಲಿಸುತ್ತದೆ. ಫ್ಯಾನಿನ ಪೆಟ್ಟಿಗೆಯ ಮೇಲೆ ಈ ಅಂಕಿ ಬರೆದಿರುತ್ತದೆ. ಜಾಲರಿ, ಧೂಳು, ತಿರುವುಗಳ ಕಾರಣಕ್ಕೆ ನಿಜವಾಗಿ ಸಿಗುವುದು ಅದರ ಅರ್ಧ ಎಂದು ಲೆಕ್ಕ ಹಿಡಿಯುವುದು ಒಳ್ಳೆಯದು.

ಕಚೇರಿಗಳಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದೇ ಇಲ್ಲ. ಒಳಗಿರುವ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಊದುತ್ತದೆ. ತಣ್ಣಗಿದೆ ಎಂದ ಮಾತ್ರಕ್ಕೆ ಗಾಳಿ ಹೊಸದಲ್ಲ. ಕಿಟಕಿ ಸ್ವಲ್ಪ ತೆರೆದು, ಎಸಿಯನ್ನು 24ರಿಂದ 30 ಡಿಗ್ರಿಯ ನಡುವೆ ಇಟ್ಟುಕೊಳ್ಳಿ. ಕರೆಂಟ್ ಬಿಲ್ ಒಂದಿಷ್ಟು ಏರುತ್ತದೆ, ಏರಲಿ.

ಕೆಲವು ಸಾವಿರ ರೂಪಾಯಿಗೆ ಸಿಗುವ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ಈ ಊಹೆಯನ್ನೆಲ್ಲ ತಪ್ಪಿಸುತ್ತದೆ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಸುಮಾರು 400 ಭಾಗ ಇರುತ್ತದೆ, ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಮೀಟರ್ 1,400 ತೋರಿಸಿದರೆ ಒಳಗೆ ಜನ ಸೇರಿಸಿದ್ದು 1,000. ಅಂದರೆ ನೀವು ಎಳೆಯುವ ಪ್ರತಿ ನಲವತ್ತು ಉಸಿರಿನಲ್ಲಿ ಒಂದರಷ್ಟು ಗಾಳಿ ಆಗಲೇ ಯಾರದೋ ಶ್ವಾಸಕೋಶದಿಂದ ಬಂದದ್ದು. 800ರ ಒಳಗಿದ್ದರೆ ಅದು ನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಕೂತವರ ಮೂಗಿನ ಎತ್ತರದಲ್ಲಿ, ಯಾರ ಮುಖಕ್ಕೂ ತೀರ ಹತ್ತಿರ ಇಲ್ಲದಂತೆ ಇಟ್ಟು ನೋಡಿ. ಯಾವ ಕಿಟಕಿ ತೆರೆದರೆ ಅಂಕಿ ಇಳಿಯುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಇಡೀ ದಿನದಲ್ಲಿ ಅತಿ ಅಪಾಯದ ಹೊತ್ತು ಊಟದ ಅರ್ಧ ಗಂಟೆ. ಬೆಳಗಿನಿಂದ ಮಾಸ್ಕ್ ಹಾಕಿದವರೆಲ್ಲ ಒಂದೇ ಸಲ, ಒಂದೇ ಕೋಣೆಯಲ್ಲಿ, ಎದುರುಬದುರು ಕೂತು ಮಾಸ್ಕ್ ತೆಗೆದು ಮಾತಾಡುತ್ತಾರೆ. ಡಬ್ಬಿ ಹಂಚಿಕೊಂಡು ತಿನ್ನುವ ಪ್ರೀತಿಯನ್ನು ಬಿಡಿ ಎಂದು ಹೇಳುವುದು ಮನಸ್ಸಿಗೆ ಕಷ್ಟ, ಆದರೂ ಸ್ವಲ್ಪ ದಿನ ತಡೆಯಿರಿ. ಊಟವನ್ನು ಮೂರು ಸರದಿ ಮಾಡಿ, ಆದಷ್ಟೂ ಬಯಲಿನಲ್ಲಿ ಅಥವಾ ಶೆಡ್ಡಿನ ಕೆಳಗೆ, ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂರುವಂತೆ ನೋಡಿಕೊಳ್ಳಿ. ತಿಂದು ಮಾಸ್ಕ್ ಹಾಕಿದ ಮೇಲೆ ಮಾತು.

ಗಂಟಲು ನೋವು, ಮೈಕೈ ನೋವು, ಜ್ವರ, ವಾಸನೆ ತಿಳಿಯದಿರುವುದು, ಇವುಗಳಲ್ಲಿ ಒಂದು ಬಂದರೂ ಅವತ್ತು ಬಸ್ಸು ಹತ್ತಬೇಡಿ. ರ್ಯಾಪಿಡ್ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದರೂ ಲಕ್ಷಣ ಇದ್ದರೆ ಲ್ಯಾಬಿನಲ್ಲಿ ಮಾಡುವ ಆರ್‌ಟಿಪಿಸಿಆರ್ ಪರೀಕ್ಷೆ ಮಾಡಿಸಿ. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗೆ ಬಂದರೆ ಕಾಯದೆ ವೈದ್ಯರ ಹತ್ತಿರ ಹೋಗಿ. ಸಹಾಯವಾಣಿ 104. ಲಸಿಕೆ ಸಿಕ್ಕಿದ ದಿನವೇ ಹಾಕಿಸಿಕೊಳ್ಳಿ. ಅದು ಕೆಲಸ ಮಾಡಲು ಎರಡು ವಾರ ಬೇಕು, ಎರಡನೇ ಡೋಸ್ ತಪ್ಪಿಸಬೇಡಿ.

ಜ್ವರ ಇದ್ದೂ ಕೆಲಸಕ್ಕೆ ಬರುವವರು ಸಂಬಳದ ಚಿಂತೆಯಿಂದ ಬರುತ್ತಾರೆ. ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಕಟ್ಟುತ್ತಿರುವವರಿಗೆ ಕಾಯಿಲೆ ರಜೆಯ ದಿನಗಳಲ್ಲಿ ಕೂಲಿಯ ಶೇಕಡ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು, ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣ ಬರುವುದಿಲ್ಲ. ಬಡವರು ಜ್ವರ ಮುಚ್ಚಿಟ್ಟು ಬರುವುದು ಆ ಎರಡು ದಿನಕ್ಕಾಗಿಯೇ. ಮಾಲೀಕರು ಅಷ್ಟನ್ನು ತಾವು ಕೊಟ್ಟು, ಹಾಜರಿ ಬೋನಸ್ಸನ್ನು ಕತ್ತರಿಸದೆ ಇದ್ದರೆ ಒಂದು ಇಡೀ ಲೈನು ಮಲಗುವುದು ತಪ್ಪುತ್ತದೆ.

2021ರಲ್ಲಿ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆ 1948ರ 13ನೇ ಕಲಂ ಕೆಲಸದ ಕೋಣೆಯಲ್ಲಿ ಹೊಸ ಗಾಳಿ ಆಡುವಂತೆ ಮಾಡುವುದನ್ನು ಮಾಲೀಕರ ಹೊಣೆ ಎನ್ನುತ್ತಿತ್ತು. ಹಾಗಾಗಿ ಕಿಟಕಿ ತೆರೆಸಿ ಎಂದು ಕೇಳುವುದು ದಯೆ ಬೇಡಿದಂತಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಾರ್ಖಾನೆಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿರುವ ವರ್ಕ್ಸ್ ಕಮಿಟಿ ಇರಬೇಕು. ಎಕ್ಸಾಸ್ಟ್ ಫ್ಯಾನ್ ಯಾವಾಗ ಹಾಕುತ್ತೀರಿ, ಊಟ ಎಷ್ಟು ಸರದಿ, ಜ್ವರ ಬಂದವರ ಮೊದಲ ಎರಡು ದಿನದ ಕೂಲಿ ಯಾರು ಕೊಡುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಈ ವಾರವೇ ಬರೆದು ಆ ಕಮಿಟಿಗೆ ಕೊಡಿ. ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.

ನಮಸ್ಕಾರ.