ಕಾರು ಮುಳುಗೋದು ನಿಂತಾಗ

ಎಲ್ಲರಿಗೂ ನಮಸ್ಕಾರ. ಥ್ರಿಲ್ಲರ್ ಸಿನಿಮಾ ನೋಡೋಕೆ ಕೂತ್ರೆ ನಾವು ಮಾಡೋ ಮೊದಲ ಕೆಲಸ ಊಹೆ. ಇವನೇ ಕೊಲೆಗಾರ ಇರ್ಬೇಕು, ಅವಳ ಮೇಲೆ ಡೌಟು, ಆ ಫೋನ್ ಕಾಲ್‌ಗೂ ಇದಕ್ಕೂ ಏನೋ ಲಿಂಕ್ ಇದೆ ಅಂತ ತಲೇಲಿ ಲೆಕ್ಕ ಶುರುವಾಗಿಬಿಡುತ್ತೆ. ಆದ್ರೆ ಒಂದು ವಿಷಯದಲ್ಲಿ ಮಾತ್ರ ನಾವು ಊಹೆ ಮಾಡೋಕೇ ಹೋಗಲ್ಲ, ಕಥೆ ಯಾರದ್ದೋ ಅವರು ಕೊನೇವರೆಗೂ ಇದ್ದೇ ಇರ್ತಾರೆ ಅಂತ ನಂಬಿ ಕೂತಿರ್ತೀವಿ. ಆ ನಂಬಿಕೆಗೇ ಕೈ ಹಾಕಿದ ಸಿನಿಮಾ 1960ರ ಸೈಕೋ, ಆಲ್ಫ್ರೆಡ್ ಹಿಚ್‌ಕಾಕ್ ಡೈರೆಕ್ಟ್ ಮಾಡಿದ್ದು. ಅರ್ಧದವರೆಗಿನ ಕಥೆ ಹೇಳಲೇಬೇಕಾಗುತ್ತೆ, ಕ್ಷಮಿಸಿ, ಕ್ಲೈಮ್ಯಾಕ್ಸ್ ಮಾತ್ರ ಖಂಡಿತ ಹೇಳಲ್ಲ.

ಶುರುವಲ್ಲೇ ಪರದೆ ಮೇಲೆ ಫೀನಿಕ್ಸ್ ಅಂತ ಊರಿನ ಹೆಸರು ಬರುತ್ತೆ, ಆಮೇಲೆ ಶುಕ್ರವಾರ, ಡಿಸೆಂಬರ್ 11, ಮಧ್ಯಾಹ್ನ 2 ಗಂಟೆ 43 ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳಿದ್ಮೇಲೆ ಕಥೆ ಎಲ್ಲಿಗೋ ನೆಟ್ಟಗೆ ಹೋಗುತ್ತೆ ಅಂತ ಯಾರಿಗಾದ್ರೂ ಅನಿಸಬೇಕು ತಾನೇ. ಮೇರಿಯನ್ ಅನ್ನೋ ಹೆಣ್ಣುಮಗಳು, ಆಫೀಸಲ್ಲಿ ಕೆಲಸ, ಬಾಸ್ ಬ್ಯಾಂಕಿಗೆ ಕಟ್ಟು ಅಂತ ಕೊಟ್ಟ 40,000 ಡಾಲರ್ ಎತ್ಕೊಂಡು ಕಾರಲ್ಲಿ ಊರು ಬಿಡ್ತಾಳೆ. ಸಿಗ್ನಲ್ ಹತ್ರ ಕಾರು ನಿಂತಿರುತ್ತೆ, ಅದೇ ಬಾಸ್ ಅವಳ ಕಾರಿನ ಮುಂದೇನೇ ರಸ್ತೆ ದಾಟ್ತಾನೆ, ನೋಡಿ ನಗ್ತಾನೆ, ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ ನೋಡ್ತಾನೆ, ಈ ಸಲ ನಗು ಇಲ್ಲ. ಅಲ್ಲಿಂದಾಚೆ ನಾವೂ ಅವಳ ಪಕ್ಕದ ಸೀಟಲ್ಲೇ ಕೂತಂಗೆ. ಕಪ್ಪು ಕನ್ನಡಕದ ಪೊಲೀಸ್ ಕಿಟಕಿ ಹತ್ರ ಬಗ್ಗಿದಾಗ ನಮ್ಮ ಎದೆನೂ ಹೊಡ್ಕೊಳ್ಳುತ್ತೆ, ಕಳ್ಳತನ ತಪ್ಪು ಅನ್ನೋದೆಲ್ಲ ಮರೆತೇ ಹೋಗಿರುತ್ತೆ, ಸಿಕ್ಕಿಹಾಕ್ಕೊಳ್ಳದೆ ಇರ್ಲಪ್ಪಾ ಅನ್ನೋದೊಂದೇ.

ಮಳೆ ರಾತ್ರಿ ಅವಳು ಒಂದು ಮೋಟೆಲ್‌ಗೆ ಬರ್ತಾಳೆ. ನೋಡ್ಕೊಳ್ಳೋ ಹುಡುಗ ನಾರ್ಮನ್, ಆಂಥನಿ ಪರ್ಕಿನ್ಸ್ ಮಾಡಿರೋ ಪಾತ್ರ, ನಾಚಿಕೆ ಸ್ವಭಾವ, ಮಾತಲ್ಲಿ ತಡವರಿಕೆ. ಅವನ ಜೊತೆ ಮಾತಾಡಿದ್ಮೇಲೆ ಮೇರಿಯನ್‌ಗೆ ಮನಸ್ಸು ಬದಲಾಗುತ್ತೆ, ರೂಮಲ್ಲಿ ಕೂತು ಚೀಟಿ ಮೇಲೆ ಲೆಕ್ಕ ಹಾಕ್ತಾಳೆ, 40,000ದಲ್ಲಿ ದಾರೀಲಿ ಕಾರು ಬದಲಾಯಿಸೋಕೆ ಕೊಟ್ಟ 700 ಕಳೆದ್ರೆ 39,300. ದುಡ್ಡು ವಾಪಸ್ ಕೊಡೋದು ಅಂತ ತೀರ್ಮಾನ. ನಮಗೂ ನಿರಾಳ. ಅವಳು ಸ್ನಾನಕ್ಕೆ ಹೋಗ್ತಾಳೆ, ಅಲ್ಲೇ ಕೊಲೆಯಾಗಿಬಿಡ್ತಾಳೆ.

ಸಿನಿಮಾ ಇನ್ನೂ ಅರ್ಧಾನೂ ಆಗಿಲ್ಲ! ಆ ಪಾತ್ರ ಮಾಡಿದ್ದು ಜಾನೆಟ್ ಲೀ, ಆಗಲೇ ಹೆಸರಿದ್ದ ಸ್ಟಾರ್. ಅದಕ್ಕೇ ಸಿನಿಮಾ ಶುರುವಾದ್ಮೇಲೆ ಯಾರನ್ನೂ ಥಿಯೇಟರ್ ಒಳಗೆ ಬಿಡಬಾರದು ಅಂತ ಹಿಚ್‌ಕಾಕ್ ಹಠ ಹಿಡಿದಿದ್ದು. ಆಗ ಅಮೆರಿಕದಲ್ಲಿ ಜನ ಮಧ್ಯದಲ್ಲಿ ಬಂದು ಕೂತು, ಬಿಟ್ಟುಹೋದ ಭಾಗನ ಮುಂದಿನ ಶೋನಲ್ಲಿ ನೋಡೋದು ಮಾಮೂಲಿ, ಹಾಗೆ ತಡವಾಗಿ ಬಂದೋರು ಜಾನೆಟ್ ಲೀ ಎಲ್ಲಿ ಅಂತ ಕಾಯ್ತಾ ಕೂರ್ತಿದ್ರು ಅಷ್ಟೇ.

ಆ ಬಾತ್‌ರೂಮ್ ಸೀನ್ ಬಗ್ಗೆ ಎಲ್ರಿಗೂ ಗೊತ್ತು. ಪರದೆ ಮೇಲೆ ಒಂದು ನಿಮಿಷಾನೂ ಇಲ್ಲದ ಆ ಕೊಲೆನ ಶೂಟ್ ಮಾಡೋಕೆ ಒಂದು ವಾರ ಹಿಡೀತು, ಕಪ್ಪು ಬಿಳುಪು ಸಿನಿಮಾ ಆಗಿದ್ರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ನಡೀತು. ಹಿಚ್‌ಕಾಕ್‌ಗೆ ಅಲ್ಲಿ ಮ್ಯೂಸಿಕ್ಕೇ ಬೇಡ ಅಂತಿತ್ತು, ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ಆದ್ರೂ ಮಾಡಿ ಕೇಳಿಸಿದ್ರು, ಬರೀ ತಂತಿ ವಾದ್ಯಗಳ ಆ ಕಿರುಚಾಟ ಕೇಳಿದ್ಮೇಲೆ ಹಿಚ್‌ಕಾಕ್ ಮನಸ್ಸು ಬದಲಾಯಿಸಿದ್ರು.

ಆದ್ರೆ ನನಗೆ ಅದಕ್ಕಿಂತ ದೊಡ್ಡದು ಅನಿಸೋದು ಆಮೇಲಿನ ಹತ್ತು ನಿಮಿಷ. ನಾರ್ಮನ್ ಬಂದು ನೋಡಿ ಗಾಬರಿಯಾಗ್ತಾನೆ, ಆಮೇಲೆ ನೆಲ ಒರೆಸ್ತಾನೆ, ಟಬ್ ತೊಳೀತಾನೆ, ಹೆಣನ ಸುತ್ತಿ ಡಿಕ್ಕಿಗೆ ಹಾಕ್ತಾನೆ, ಮಾತೇ ಇಲ್ಲ, ಒಂದೊಂದೇ ಕೆಲಸ ನಿಧಾನಕ್ಕೆ. ಕೊನೇಲಿ ರೂಮಲ್ಲಿ ಒಂದು ಮಡಿಸಿದ ನ್ಯೂಸ್‌ಪೇಪರ್ ಉಳಿದಿರುತ್ತೆ. ಅದರೊಳಗೇ ಆ ಅಷ್ಟೂ ದುಡ್ಡು. ಅವನಿಗೆ ಗೊತ್ತಿಲ್ಲ, ಬಿಚ್ಚಿ ನೋಡೋದೂ ಇಲ್ಲ, ಎತ್ತಿ ಡಿಕ್ಕಿಗೆ ಎಸೀತಾನೆ. ಇಷ್ಟು ಹೊತ್ತು ನಾವು ಇದೇ ಕಥೆ ಅಂದ್ಕೊಂಡಿದ್ದ ದುಡ್ಡು ಹೀಗೆ ಕಸದ ಜೊತೆ ಹೋಯ್ತು.

ಕಾರನ್ನ ಕೆಸರಿನ ಹೊಂಡಕ್ಕೆ ತಳ್ತಾನೆ. ಬಾಯಲ್ಲಿ ಏನೋ ಅಗೀತಾ ನಿಂತು ನೋಡ್ತಾನೆ. ಕಾರು ಮುಳುಗ್ತಾ ಮುಳುಗ್ತಾ ಅರ್ಧಕ್ಕೆ ಟಕ್ ಅಂತ ನಿಂತುಬಿಡುತ್ತೆ. ಅವನು ಅಗಿಯೋದೂ ನಿಂತು ಆಕಡೆ ಈಕಡೆ ನೋಡ್ತಾನೆ. ಆಗ ಏನಾಗುತ್ತೆ ಗೊತ್ತಾ, ನಾವು ಉಸಿರು ಬಿಗಿ ಹಿಡ್ಕೊಂಡು ಮುಳುಗ್ಲಿ, ಬೇಗ ಮುಳುಗ್ಲಿ ಅಂತ ಕಾಯ್ತೀವಿ! ಆ ಕಾರಲ್ಲಿರೋದು ಯಾರು, ಈಗಷ್ಟೇ ಯಾರಿಗೋಸ್ಕರ ಎದೆ ಹೊಡ್ಕೊಳ್ತಿತ್ತೋ ಅದೇ ಮೇರಿಯನ್. ಅವಳ ಪಕ್ಕದ ಸೀಟಿಂದ ಎದ್ದು ನಾವು ಯಾವಾಗ ಇವನ ಪಕ್ಕ ಬಂದು ನಿಂತ್ವಿ ಅನ್ನೋದೇ ಗೊತ್ತಾಗಿರಲ್ಲ. ಬರೀ ಕೊಲೆ ತೋರಿಸಿ ಬೆಚ್ಚಿಬೀಳಿಸೋ ಸಿನಿಮಾ ಬೇಕಾದಷ್ಟಿವೆ, ನೋಡೋರ ಮನಸ್ಸನ್ನೇ ಹೀಗೆ ಎತ್ತಿ ಬೇರೆ ಕಡೆ ಇಟ್ಟಿದ್ದನ್ನ ನಾನು ಇಷ್ಟು ಚೆನ್ನಾಗಿ ಇನ್ನೆಲ್ಲೂ ನೋಡಿಲ್ಲ.

ಇನ್ನೂ ನೋಡಿಲ್ಲದೋರು ದಯವಿಟ್ಟು ಫೋನ್ ದೂರ ಇಟ್ಟು ಮೊದಲಿಂದ ನೋಡಿ. ನೋಡಿರೋರು ಇನ್ನೊಂದ್ಸಲ ಹಾಕಿ, ಟೈಟಲ್ ಕಾರ್ಡ್ ಮಾತ್ರ ಓಡಿಸಬೇಡಿ. ಕಲಾವಿದರ ಹೆಸರು ಒಂದೊಂದಾಗಿ ಬಂದು ಹೋಗುತ್ತೆ, ನಾವು ಯಾರ ಕಥೆ ಅಂತ ನಂಬಿ ಕೂತಿರ್ತೀವೋ ಆ ಜಾನೆಟ್ ಲೀ ಹೆಸರು ಆ ಪಟ್ಟೀಲಿ ಎಲ್ಲರಿಗಿಂತ ಕೊನೇಲಿ ಬರುತ್ತೆ.