ಒಂದು ಕುದುರೆಗೆ ಆರು ಕೈ

ಕೇಳುಗರಿಗೆ ನಮಸ್ಕಾರ.

ಹದಿನೈದನೆಯ ಶತಮಾನದಲ್ಲಿ ಅಫಾನಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ತಂದು, ಕೊನೆಗೆ ನಮ್ಮ ಬೀದರಿನಲ್ಲಿ ಮಾರಿ ಹೋದ. ಆಳಂದದ ಶೇಖ್ ಅಲಾವುದ್ದೀನರ ಜಾತ್ರೆಗೆ 20,000 ಕುದುರೆ ಮಾರಾಟಕ್ಕೆ ಬರುತ್ತವೆ ಎಂದೂ ಬರೆದಿಟ್ಟ. ವ್ಯಾಪಾರಿಯ ಲೆಕ್ಕ, ಒಂದೆರಡು ಸೊನ್ನೆ ಉದಾರವಾಗಿರಬಹುದು. ಈಗ ಈ ಭಾಗದಲ್ಲಿ ಕುದುರೆ ಕಾಣುವುದು ಹೆಚ್ಚಾಗಿ ಮದುವೆ ಮೆರವಣಿಗೆಯಲ್ಲಿ. ಬೇರೆ ದೇಶಗಳಲ್ಲಿ ಅದೇ ಪ್ರಾಣಿಯ ಬೆನ್ನು ವಿಕಲಚೇತನರ ವ್ಯಾಯಾಮಶಾಲೆಯಾಯಿತು. ಅದನ್ನು ಸಂಬಳವಿಲ್ಲದ ಜನ ನಡೆಸಿಕೊಂಡು ಬಂದರು. ಇವತ್ತಿನ ಮಾತು ಆ ಕುರಿತು.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಗೆ 1944ರಲ್ಲಿ, ಬಸುರಿಯಾಗಿದ್ದಾಗ, ಪೋಲಿಯೊ ಬಡಿಯಿತು. ಮೊಣಕಾಲಿನಿಂದ ಕೆಳಗೆ ಶಕ್ತಿ ಮರಳಲಿಲ್ಲ. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಕುದುರೆಯನ್ನು ಲಯಬದ್ಧವಾಗಿ ನಡೆಸುವ ಡ್ರೆಸಾಜ್ ಸ್ಪರ್ಧೆಯಲ್ಲಿ, ಗಂಡಸರ ಜೊತೆ ಸೆಣಸಿ ಬೆಳ್ಳಿ ಗೆದ್ದರು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ. ಕುದುರೆ ಏರಲು, ಇಳಿಯಲು ಮಾತ್ರ ಅವರಿಗೆ ಬೇರೆಯವರ ಕೈ ಬೇಕಿತ್ತು.

ಆ ಗೆಲುವನ್ನು ಕಂಡು ಯುರೋಪಿನ ವ್ಯಾಯಾಮ ಚಿಕಿತ್ಸಕರು, ಅಂದರೆ ಫಿಸಿಯೋಥೆರಪಿಸ್ಟರು, ಕುದುರೆಯತ್ತ ತಿರುಗಿದರು. ಬ್ರಿಟನ್ನಿನ ಚಿಕ್ಕಪುಟ್ಟ ಗುಂಪುಗಳು ಒಂದಾಗಿ 1969ರಲ್ಲಿ ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್ ಆಯಿತು. ಅದೇ ವರ್ಷ ಅಮೆರಿಕದಲ್ಲೂ ಇಂಥದೇ ಸಂಘ ಹುಟ್ಟಿತು. ಬ್ರಿಟನ್ನಿನ ಏರ್ಪಾಟು ಗಮನಿಸುವಂಥದ್ದು: ಕೇಂದ್ರ ಸಂಸ್ಥೆ ತರಬೇತಿ, ನಿಯಮ, ವಿಮೆ ನೋಡಿಕೊಳ್ಳುತ್ತದೆ, ಕೆಲಸ ನಡೆಸುವವರು ಆಯಾ ಊರಿನ ಸ್ವಯಂಸೇವಕರು. ಎಷ್ಟೋ ಗುಂಪುಗಳಿಗೆ ಸ್ವಂತ ಕುದುರೆಯೇ ಇಲ್ಲ, ಸವಾರಿ ಶಾಲೆಯಿಂದ ಎರವಲು.

ಕುದುರೆಯೇ ಯಾಕೆ? ಅದು ನಡೆಯುವಾಗ ಬೆನ್ನು ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ ಆಡುತ್ತದೆ. ಕುಳಿತವರ ಸೊಂಟವೂ ನಾವು ನಡೆಯುವಾಗ ಆಡಿದಂತೆಯೇ ಆಡುತ್ತದೆ. ನಿಮಿಷಕ್ಕೆ ಸುಮಾರು 100 ಹೆಜ್ಜೆ. 20 ನಿಮಿಷದಲ್ಲಿ ಮಗು 2,000 ಸಲ ಮೈಯ ತೋಲ ಸರಿಮಾಡಿಕೊಂಡಿರುತ್ತದೆ. ಯಾವ ಮಗುವೂ ಕೋಣೆಯಲ್ಲಿ ಕೂತು ಇಷ್ಟು ಸಲ ವ್ಯಾಯಾಮ ಮಾಡುವುದಿಲ್ಲ! ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಯ ಚಲನೆ ಹತೋಟಿಗೆ ಬಾರದ ಸ್ಥಿತಿ, ಇರುವ ಮಕ್ಕಳಿಗೆ ಕೂರುವ ಹದ, ಸಮತೋಲ ಸುಧಾರಿಸಬಹುದು. ಆದರೆ ರೋಗ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಒಬ್ಬ ಸವಾರನಿಗೆ ಮೂವರು ಬೇಕು. ಒಬ್ಬರು ಕುದುರೆಯ ತಲೆಯ ಬಳಿ. ಹಗ್ಗವನ್ನು ಮಡಚಿ ಹಿಡಿಯಬೇಕು, ಕೈಗೆ ಸುತ್ತಿಕೊಳ್ಳಬಾರದು. ಕುದುರೆ ಬೆದರಿ ಓಡಿದರೆ ಸುತ್ತಿದ ಹಗ್ಗ ಮನುಷ್ಯನನ್ನು ಎಳೆದೊಯ್ಯುತ್ತದೆ. ಇಬ್ಬರು ಎಡಬಲದಲ್ಲಿ ನಡೆಯುತ್ತ, ಮಗುವಿನ ತೊಡೆಯ ಮೇಲೆ ಮೊಣಕೈವರೆಗಿನ ತೋಳಿಟ್ಟು ಜೀನಿನ ಅಂಚು ಹಿಡಿಯುತ್ತಾರೆ. ಹತ್ತು ನಿಮಿಷಕ್ಕೆ ಆ ತೋಳು ಸೋಲುತ್ತದೆ. ಆಗ ಕುದುರೆಯನ್ನು ನಿಲ್ಲಿಸಿ, ಒಬ್ಬೊಬ್ಬರಾಗಿ ಬದಿ ಬದಲಿಸಬೇಕು. ಇಬ್ಬರೂ ಒಟ್ಟಿಗೆ ಕೈಬಿಟ್ಟರೆ ಮಗು ಜಾರುವುದು ಆ ಗಳಿಗೆಯಲ್ಲೇ.

ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸುತ್ತದೆ. ಹಾಗಾಗಿ ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗಿಯಿರಿ. ಮರೆತರೆ ಮಗು ಏರಿದೊಡನೆ ಜೀನು ಪಕ್ಕಕ್ಕೆ ವಾಲುತ್ತದೆ. ಪಾದ ಇಡುವ ರಿಕಾಪಿನ ಮುಂಭಾಗ ಮುಚ್ಚಿರಬೇಕು, ಇಲ್ಲವಾದರೆ ಪಾದ ತೂರಿ ಸಿಕ್ಕಿಕೊಳ್ಳುತ್ತದೆ. 300 ಕೆ.ಜಿ. ಕುದುರೆಯ ಮೇಲೆ ಸವಾರ, ಜೀನು ಸೇರಿ 60 ಕೆ.ಜಿ. ಮೀರಬಾರದು.

ವೈದ್ಯರ ಚೀಟಿ ಇಲ್ಲದೆ ಯಾವ ಮಗುವನ್ನೂ ಏರಿಸಬೇಡಿ. ಡೌನ್ ಸಿಂಡ್ರೋಮ್ ಇದ್ದವರಿಗೆ ಕುತ್ತಿಗೆಯ ಮೊದಲ ಎರಡು ಎಲುಬುಗಳ ಕೀಲು ಸಡಿಲವಿರಬಹುದು, ಆ ಕುಲುಕಾಟ ಅಪಾಯ. ಹತೋಟಿಗೆ ಬಾರದ ಫಿಟ್ಸ್, ಕುಂಡಿಯ ಮೇಲೆ ಹುಣ್ಣು ಇದ್ದರೂ ಬೇಡ.

ಇನ್ನು ನಮ್ಮ ಕಡೆ ಇದನ್ನು ಶುರುಮಾಡುವವರಿಗೆ ಒಂದು ಮಾತು. ಮೆರವಣಿಗೆಯ ಕುದುರೆ ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ಬ್ಯಾಂಡಿಗೂ ಪಟಾಕಿಗೂ ಬೆದರುವುದಿಲ್ಲ. ಆದರೆ ಅದಕ್ಕೆ ಕುಣಿತ ಕಲಿಸಿರುತ್ತಾರೆ; ಮಗು ಹೆದರಿ ಲಗಾಮು ಜಗ್ಗಿದರೆ ಮುಂಗಾಲೆತ್ತೀತು. ಮೊದಲು ಕುದುರೆಯ ಬಾಯಿ ತೆರೆಸಿ ನೋಡಿ. ಮುಳ್ಳಿನ ಕಡಿವಾಣ ಹಾಕಿ ಗಾಯವಾಗಿದ್ದರೆ ಆ ಕುದುರೆ ಬೇಡ. ಅಂಥ ಕಡಿವಾಣ ಕಾನೂನುಬಾಹಿರವೂ ಹೌದು. ಮನುಷ್ಯರಿಗೂ ಅಂಟುವ ಗ್ಲ್ಯಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಬೀದರಿನಲ್ಲಿರುವಾಗ ಸಲಹೆಗೆ ದೂರ ಹೋಗಬೇಕಿಲ್ಲ.

ಜೋಳದ ಸೀಮೆಯ ನಮಗೆ ಇನ್ನೊಂದು ಎಚ್ಚರ. ಹಸಿ ಜೋಳದ ಮೇವನ್ನು ವಾರಗಟ್ಟಲೆ ತಿಂದ ಕುದುರೆಗೆ ಹಿಂಗಾಲು ತಡವರಿಸುತ್ತದೆ, ಮೂತ್ರ ತೊಟ್ಟಿಕ್ಕುತ್ತದೆ. ಎತ್ತಿಗೆ ಹಾಕಿದ್ದನ್ನೇ ಕುದುರೆಗೂ ಹಾಕುವವರು ಇದನ್ನು ಗಮನಿಸಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಸವಾರಿ ಮುಗಿಯಲಿ.

ಮೂವರಲ್ಲಿ ಒಬ್ಬರು ಬಾರದ ದಿನವೂ ಬರುತ್ತದೆ. ಅಂದು ಯಾರೂ ಕುದುರೆ ಏರುವುದಿಲ್ಲ. ಮಗುವಿನ ಗಾಲಿಕುರ್ಚಿಯನ್ನು ಕುದುರೆಯ ಹೆಗಲಿನ ಪಕ್ಕಕ್ಕೆ ತಂದು, ಕೈಗೆ ಬ್ರಷ್ ಕೊಟ್ಟು, ಮೈ ಉಜ್ಜಲು ಬಿಡಿ. ಹಿಂಗಾಲಿನ ಕಡೆಗೆ ಮಾತ್ರ ಹೋಗಗೊಡಬೇಡಿ.