ಗುರುಗಳಲ್ಲದ ಇಬ್ಬರ ಮಾತುಕತೆ

ವಂದನೀಯ ಗುರುಗಳೇ, ಸಿಸ್ಟರ್‌ಗಳೇ, ಪಕ್ಕದ ಮನೆಯವರು ಕೊಟ್ಟ ಎಳ್ಳುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ಇಲ್ಲಿಗೆ ಬಂದಿರುವ ಅಕ್ಕಂದಿರೇ, ಅಣ್ಣಂದಿರೇ,

ಇವತ್ತು ಜನವರಿ 14. ಊರಿಗೆಲ್ಲ ಸಂಕ್ರಾಂತಿ, ನಮಗೆ ಸಂತ ದೇವಸಹಾಯಂ ಅವರ ಹಬ್ಬವೂ ಹೌದು. 1752ರಲ್ಲಿ ಇದೇ ದಿನ ಈಗಿನ ತಮಿಳುನಾಡಿನ ಆರಲ್ವಾಯ್ಮೊಳಿಯ ಕಾಟ್ಟಾಡಿಮಲೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗಿನ್ನೂ ನಲವತ್ತು ತುಂಬಿರಲಿಲ್ಲ. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಭಾರತದ ಶ್ರೀಸಾಮಾನ್ಯರಲ್ಲಿ, ಎಂದರೆ ಪಾದ್ರಿಗಳೂ ಸನ್ಯಾಸಿಗಳೂ ಅಲ್ಲದವರಲ್ಲಿ, ಮೊದಲ ಸಂತ. ಹೆಂಡತಿ, ಅರಮನೆಯ ಉದ್ಯೋಗ, ಮನೆಯ ತಾಪತ್ರಯ ಎಲ್ಲವೂ ಇದ್ದ ಮನುಷ್ಯ.

ತಾಪತ್ರಯದಿಂದಲೇ ಕಥೆ ಶುರು. ಆಗ ಅವರ ಹೆಸರು ನೀಲಕಂಠ ಪಿಳ್ಳೆ, ತಿರುವಾಂಕೂರಿನ ಮಾರ್ತಾಂಡವರ್ಮನ ಆಸ್ಥಾನದಲ್ಲಿ ಕೆಲಸ. ದನಕರು ಸತ್ತವು, ಬೆಳೆ ಹಾಳಾಯಿತು. ಮುಖ ಬಾಡಿತು. ಅದನ್ನು ಗಮನಿಸಿ ಏನಾಯ್ತಪ್ಪಾ ಎಂದು ಕೇಳಿದವರು ಯಾರು? ಡಿ ಲನೋಯ್. 1741ರ ಕೊಳಚ್ಚಲ್ ಯುದ್ಧದಲ್ಲಿ ಡಚ್ಚರ ಕಡೆಯಿಂದ ಬಂದು ಸೋತು ಸೆರೆಸಿಕ್ಕವರು. ಸೆರೆಯಾಳಿನ ಕೈಯಲ್ಲೇ ರಾಜ ತನ್ನ ಸೈನ್ಯಕ್ಕೆ ತರಬೇತಿ ಕೊಡಿಸಿದ! ಡಿ ಲನೋಯ್ ಪಿಳ್ಳೆಯವರಿಗೆ ಬೈಬಲಿನ ಯೋಬನ ಕಥೆ ಹೇಳಿದರು. ದಯವಿಟ್ಟು ಗಮನಿಸಿ: ಇಬ್ಬರೂ ಗುರುಗಳಲ್ಲ, ಪಾದ್ರಿಗಳಲ್ಲ. ಒಬ್ಬ ಸಿಪಾಯಿ, ಒಬ್ಬ ನೌಕರ. ಪ್ರಬೋಧನೆಯಿಲ್ಲ, ಮೈಕಿಲ್ಲ.

ಯೋಬನದು ನಿಮಗೆ ಗೊತ್ತಿರುವ ಕಥೆಯೇ. ಏಳು ಸಾವಿರ ಕುರಿ, ಮೂರು ಸಾವಿರ ಒಂಟೆ, ಎಲ್ಲ ಒಂದೇ ದಿನ ಹೋದವು. ನನಗೆ ಇಷ್ಟವಾಗುವುದು ಆಮೇಲಿನ ಭಾಗ. ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಸುಮ್ಮನೆ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಬಾಯಿ ತೆರೆದರು ನೋಡಿ, ಕೆಟ್ಟಿತು! ನಾವು ಆಸ್ಪತ್ರೆಗೆ ರೋಗಿ ನೋಡಲು ಹೋದಾಗ ಮಾಡುವುದೂ ಅದನ್ನೇ: “ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು, ಪಾಪ, ಉಳಿಯಲಿಲ್ಲ.” (ನಗಬೇಡಿ, ನಾನೂ ಹೇಳಿದ್ದೇನೆ.) ದುಃಖದಲ್ಲಿರುವವನಿಗೆ “ನಿನ್ನ ಪಾಪದ ಫಲ” ಎಂದು ಲೆಕ್ಕ ಒಪ್ಪಿಸಿದ ಆ ಗೆಳೆಯರ ಮೇಲೆ ದೇವರೇ ಕಡೆಗೆ ಸಿಟ್ಟಾದರು. ಡಿ ಲನೋಯ್ ಆ ತಪ್ಪು ಮಾಡಲಿಲ್ಲವೆಂದು ಕಾಣುತ್ತದೆ. ಮಾಡಿದ್ದರೆ ಪಿಳ್ಳೆಯವರು ಎದ್ದು ಹೋಗುತ್ತಿದ್ದರು.

1745ರಲ್ಲಿ ವಡಕ್ಕನ್‌ಕುಳಂನಲ್ಲಿ ಪಿಳ್ಳೆಯವರು ಸ್ನಾನದೀಕ್ಷೆ ಪಡೆದು ಕ್ರೈಸ್ತರಾದರು. ಹೆಸರು ಲಾಜರ, ಎಂದರೆ ದೇವರ ಸಹಾಯ. ತಮಿಳಿನ ಬಾಯಲ್ಲಿ ದೇವಸಹಾಯಂ. ನಾಲ್ಕು ವರ್ಷದ ಬಳಿಕ ಬಂಧನ. ಎಮ್ಮೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಊರೂರು ಮೆರೆಸಿದರು ಎನ್ನುತ್ತಾರೆ. ಮತ ಬದಲಿಸಿದ್ದು ಒಂದು ಕೋಪವಾದರೆ, ಕೆಳಜಾತಿಯವರ ಜೊತೆ ಕೂತು ಉಂಡದ್ದು ಇನ್ನೊಂದು. ಸಂತರೆಂದು ಘೋಷಿಸುವಾಗ ರೋಮ್ ಅವರ ಹೆಸರಿನಿಂದ ಜಾತಿ ಹೇಳುವ ‘ಪಿಳ್ಳೆ’ಯನ್ನು ಕೈಬಿಟ್ಟಿತು. ನಾವು? “ಕಥೋಲಿಕ ವರ ಬೇಕು, ಸ್ವಜಾತಿಯವರಿಗೆ ಆದ್ಯತೆ.” ಈ ಮಾತಿಗೆ ಯಾಕೆ ಯಾರೂ ನಗಲಿಲ್ಲ?

ಜಗತ್ತಿನ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ಬಗ್ಗೆ ದೊಡ್ಡದಾಗಿ ಬರೆದುಕೊಂಡು ಬಂದಿದ್ದೆ. ಫಾದರ್ ಗಡಿಯಾರ ನೋಡುತ್ತಿದ್ದಾರೆ. ಆ ಮಹಾಸಭೆಯಿಂದ 1964ರಲ್ಲಿ ಬಂದ, ಧರ್ಮಸಭೆಯ ಕುರಿತ ದಸ್ತಾವೇಜಿನ ಐದನೇ ಅಧ್ಯಾಯ ಓದಿ. ಪಾವಿತ್ರ್ಯದ ಕರೆ ಪ್ರತಿಯೊಬ್ಬರಿಗೂ ಎಂದು ಅಲ್ಲಿದೆ. ಅಂದರೆ “ಅದೆಲ್ಲ ಸಿಸ್ಟರ್‌ಗಳಿಗೆ, ನಮಗೆ ಸಂಸಾರ ಇದೆ” ಎನ್ನುವ ನೆಪ ಮುಗಿಯಿತು. ಮತ್ತೆ ಹೇಳುತ್ತೇನೆ, ಇಬ್ಬರೂ ಗುರುಗಳಲ್ಲ.

ಚೀಟಿಯಲ್ಲಿ ಇನ್ನೊಂದು ಹೆಸರು ಉಳಿದಿದೆ, ಅವರ ಮಡದಿ ಭಾರ್ಗವಿ. ಆಕೆಯೂ ಸ್ನಾನದೀಕ್ಷೆ ಪಡೆದು ಜ್ಞಾನಪೂ ಆದರು. ಗಂಡನನ್ನು ಸರಪಳಿಯಲ್ಲಿ ಎಳೆದೊಯ್ದ ಮೇಲೆ ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದವರು ಅವರು. ಅವರ ಮಾತು ಕಾಫಿ ಕುಡಿಯುತ್ತಾ ಆಡೋಣ, ಬನ್ನಿ.